ಬಿಚ್ಚದೆ ಉಳಿದ ಮಡಿಕೆ

ಮೊನ್ನೆ ಬಕೆಟ್ಟಿನಲ್ಲಿ ನೆನೆಹಾಕಿ ಮರೆತಿದ್ದ ಹಳೆಯ ಉಣ್ಣೆಯ ಸ್ವೆಟರನ್ನು ಎತ್ತಿದೆ. ಗಪ್ಪೆಂದು ಮುಗ್ಗಲು ವಾಸನೆ ಮೂಗಿಗೆ ಹೊಡೆಯಿತು. ಕೂಡಲೇ ನೆನಪಾದದ್ದು ಫ್ರೇಮಿನಂಗಡಿಯ ಮಾವ.

ಎಂಬತ್ತರ ದಶಕದ ಮಾತು. ನಾವಾಗ ಕೊಲ್ಲಿ ದೇಶದ ಬುಸೈತೀನ್ ಊರಿನಲ್ಲಿದ್ದೆವು. ಮಾವ ಸಂಬಂಧಿಯೇನಲ್ಲ, ಮಂಗಳೂರಿನ ಕಡೆಯವರೆಂದು ಹಾಗೆ ಕರೆಯುತ್ತಿದ್ದೆ. ಊರಿನಲ್ಲಿ ದರ್ಜಿಯಾಗಿದ್ದವರು ಅಲ್ಲೇ ಹತ್ತಿರದ ಮನಾಮದಲ್ಲಿ, ಸೂಕ್ ಎನ್ನುವ ಪೇಟೆಯಲ್ಲಿ, ಚಿತ್ರಗಳಿಗೆ ಫ್ರೇಮು ಹಾಕುವ ಅಂಗಡಿ ಇಟ್ಟಿದ್ದರು. ನನ್ನ ಹೆರಿಗೆಯಾದಾಗ ಸಲ್ಮಾನಿಯಾ ಆಸ್ಪತ್ರೆಗೆ ದಿನವೂ ಗಂಜಿ ತಂದುಕೊಟ್ಟವರು ಅವರೇ. ಅಂಥ ಮನುಷ್ಯ...

ಅಂಗಡಿಗೆ ಒಬ್ಬ ದಲ್ಲಾಳಿ ಈಜಿಪ್ಟಿನ ಹಳೆಯ ಗೋರಿಗಳಿಂದ ತೆಗೆದ ಲಿನನ್ ಅಂಗಿಗಳನ್ನು ತರುತ್ತಿದ್ದ. ಸಾವಿರಕ್ಕೂ ಹೆಚ್ಚು ವರ್ಷ ಹಳೆಯವಂತೆ. ಭುಜದಲ್ಲಿ, ಅಂಚಿನಲ್ಲಿ ಬಣ್ಣದ ಉಣ್ಣೆಯ ಮೊಲ, ಹಕ್ಕಿ, ಬಳ್ಳಿ. ಕಸೂತಿಯಲ್ಲ, ಮಗ್ಗದ ಮೇಲೆಯೇ ನೆಯ್ದ ಚಿತ್ರಗಳು. ಮಾವ ಚಿತ್ರವನ್ನಷ್ಟೇ ಕತ್ತರಿಸಿ, ಗಾಜು ಹಾಕಿ, ಬಂಗಲೆಯವರಿಗೆ ಮಾರುತ್ತಿದ್ದರು. ಉಳಿದದ್ದು ಕಸಕ್ಕೆ. ಬೆನ್ನಿನ ಭಾಗದಲ್ಲಿ ಕಂದು ಕಲೆ ಇರುತ್ತಿತ್ತು. ಅದೇನೆಂದು ನಾನು ಕೇಳಲಿಲ್ಲ, ಅವರು ಹೇಳಲಿಲ್ಲ; ಗೊತ್ತಾಗದಷ್ಟು ದಡ್ಡರು ಇಬ್ಬರೂ ಅಲ್ಲ. ತೊಳೆಯುವುದು, ಚಿತ್ರವನ್ನು ಹಿಂಬದಿಯ ಬಟ್ಟೆಗೆ ಹೊಲಿಯುವುದು ನನ್ನ ಕೆಲಸ. ಹೆಣದ ಮೇಲಿನ ಕಾಸೂ ಬಿಡದವರು ಎಂದು ಊರಲ್ಲಿ ಬೈಯುತ್ತಾರಲ್ಲ, ಅದೇ ಕಸುಬು.

ಒಂದು ದಿನ ಮಗುವಿನ ಅಂಗಿ ಬಂತು, ಇಡಿಯಾಗಿ. ನೀರಿಗೆ ಅದ್ದಿದಾಗ ಎದ್ದ ವಾಸನೆ... ಬೇಡ. ಒಣಗಿದ ಮೇಲೆ ಮೇಜಿನ ಮೇಲೆ ಹರಡಿದೆವು. ಭುಜಕ್ಕೊಂದರಂತೆ ಕೆಂಪು ಮೊಲ. ಸೊಂಟದ ಬಳಿ ಅಡ್ಡಕ್ಕೆ ಒಂದು ಮಡಿಕೆ, ಹೊಲಿಗೆ ಹಾಗೆಯೇ ಇತ್ತು.

ಮಾವ ಅದರ ಮೇಲೆ ಬೆರಳಾಡಿಸಿದರು. "ನೋಡು, ಇದು ಮಗು ಬೆಳೆದ ಹಾಗೆ ಬಿಚ್ಚಿ ಉದ್ದ ಮಾಡ್ಲಿಕ್ಕೆ ಇಟ್ಟದ್ದು. ನಿನ್ನ ಮಗಳ ಫ್ರಾಕಿಗೂ ನಾನು ಹೀಗೇ ಇಟ್ಟಿದ್ದೇನೆ. ಇದನ್ನು ಬಿಚ್ಚಲೇ ಇಲ್ಲ, ಪಾಪ."

"ಹಾಗಾದ್ರೆ ಇದೊಂದನ್ನು ಕತ್ತರಿಸುದು ಬೇಡ ಮಾವ. ಹೀಗೇ ಇಡುವ."

"ಸತ್ತವರು ವಾಪಸ್ ಕೇಳ್ಲಿಕ್ಕೆ ಬರ್ತಾರಾ? ಬರೀ ಬಟ್ಟೆ ಯಾರಿಗೆ ಬೇಕು ಮಾರಾಯ್ತಿ!"

ಎರಡೂ ಮೊಲಗಳನ್ನು ಕತ್ತರಿಸಿದರು. ಆಮೇಲೆ ಉಳಿದ ಅಂಗಿಯನ್ನು ಮುದ್ದೆ ಮಾಡಿ, ಅದರಲ್ಲೇ ಫ್ರೇಮಿನ ಗಾಜು ಒರೆಸಿದರು. ನಾನು ಬಾಯಿಗೆ ಸೆರಗು ಒತ್ತಿಕೊಂಡು ಹೊರಗೆ ಓಡಿದೆ. ಮತ್ತೆ ಆ ಅಂಗಡಿಯ ಮೆಟ್ಟಿಲು ಹತ್ತಲಿಲ್ಲ. ಅವರು ಪ್ರೀತಿಯಿಂದ ಮನೆಗೆ ಕಳಿಸಿದ ಅಂಜಲ್ ಮೀನನ್ನೂ ಹಿಂದಕ್ಕೆ ಕಳಿಸಿದೆ. ಆ ಕೈ ಮುಟ್ಟಿದ್ದೆಂದರೆ ನನಗೆ ಹೇಸಿಗೆ.

ಮಾವ ಊರಿನಲ್ಲಿ ತೀರಿಕೊಂಡು ವರ್ಷಗಳಾದವು. ಸ್ವೆಟರನ್ನು ಮತ್ತೆ ಮತ್ತೆ ತೊಳೆದು ಬಾಲ್ಕನಿಯಲ್ಲಿ ಹರವಿದ್ದೇನೆ, ಇನ್ನೂ ನಾರುತ್ತಿದೆ. ಬಾಣಂತಿಗೆ ಗಂಜಿ ತಂದ ಮನುಷ್ಯ ಅವರು, ಅದನ್ನು ಮರೆತಿಲ್ಲ. ಆದರೆ ಆ ಮಡಿಕೆ ಏಕಿದೆ ಎಂದು ಅವರಿಗೆ ತಿಳಿಯದೇ ಹೋಗಿದ್ದರೆ, ನಾನು ಎಂದೋ ಕ್ಷಮಿಸಿಬಿಡುತ್ತಿದ್ದೆ.