ಮುರಿದ ಶಾಫ್ಟಿನಲ್ಲೇ ಓಡಿದ ಕಾರು

ಸ್ನೇಹಿತರೇ, ನನ್ನ ಹಳೇ ಎರಡು ಸೀಟಿನ ಸ್ಪೋರ್ಟ್ಸ್ ಕಾರಿಗೆ ಚಕ್ರ ತಿರುಗಿಸುವ ಗಟ್ಟಿಯಾದ ಹೊಸ ಆಕ್ಸಲ್ ಶಾಫ್ಟ್ ಹಾಕಿಸಲು ಇವತ್ತು ಬೆಂಗಳೂರಿನ ಪೀಣ್ಯಕ್ಕೆ ಹೋಗಿದ್ದೆ. ಮೆಕ್ಯಾನಿಕ್ ಮಲ್ಲಪ್ಪ ಹಳೆಯದನ್ನು ಎಳೆದಾಗ ಅರ್ಧ ತುಂಡು ಮಾತ್ರ ಕೈಗೆ ಬಂತು. ಮುರಿದ ಜಾಗದಲ್ಲಿ ದಪ್ಪನೆಯ ತುಕ್ಕು.

"ಸರ, ಇದು ಮುರದು ವರ್ಷಗಟ್ಲೆ ಆಗೇತಿ. ಶಾಫ್ಟ್ ಮುರದ್ರ ಗಾಡಿ ಮುಂದ ಹೋಗಂಗಿಲ್ಲ. ಹೆಂಗ ತಂದ್ರಿ?"

"ಊರಿನ ಆ ತುದಿ ಹೂಡಿಯಿಂದ ಓಡಿಸ್ಕೊಂಡೇ ಬಂದೆ. ಪಕ್ಕದಲ್ಲಿ ಮಗಳೂ ಇದ್ಲು."

ಮಲ್ಲಪ್ಪ ಕೆಳಗೆ ಬಗ್ಗಿ ಕಾರಿನಡಿ ಬಹಳ ಹೊತ್ತು ನೋಡಿದರು. ಮಗಳು ನನ್ನ ಕೈ ಬಿಗಿಯಾಗಿ ಹಿಡಿದುಕೊಂಡಳು.

ಹೊಸ ಶಾಫ್ಟ್ ಕೂರಿಸಿ, ಪ್ರತಿ ಬೋಲ್ಟನ್ನೂ ಎರಡು ಸಲ ಬಿಗಿದರು. ಎಂಜಿನ್ ಶುರುವಾಯಿತು, ಗೇರೂ ಬಿತ್ತು. ಕಾರು ಮಾತ್ರ ಒಂದಿಂಚೂ ಕದಲಲಿಲ್ಲ.

"ಹಳೇದನ್ನ ಹಾಕ್ಲೇನ್ರಿ?" ಎಂದು ಮಲ್ಲಪ್ಪ ಪಿಸುಗುಟ್ಟಿದರು.

ಕಾರನ್ನು ಅಲ್ಲೇ ಬಿಟ್ಟು ನಾನೂ ಮಗಳೂ ಬಸ್ಸಿನಲ್ಲಿ ಮನೆ ಸೇರಿದೆವು. ಬಸ್ಸಿನ ಶಾಫ್ಟ್ ಹೇಗಿದೆ ಎಂದು ನಾನು ಕೇಳಲಿಲ್ಲ.