ಒಂದು ಒಳಲೆ ಪೆಟ್ರೋಲು

ಮೊಮ್ಮಗಳು ಹುಟ್ಟಿದ್ದಾಳೆ! ಇವತ್ತಿಗೆ ಇಪ್ಪತ್ತೊಂದು ದಿನ. ಊರಿನಲ್ಲಿ ಕೇಳಿದವರಿಗೂ ಹೇಳಿದೆ, ಕೇಳದವರಿಗೂ ಹೇಳಿದೆ, ಮಂಡ್ಯ ಬಸ್ಸಿನ ಕಂಡಕ್ಟರಿಗೆ ಎರಡು ಸಲ ಹೇಳಿದೆ. ಇನ್ನು ಹೇಳಲು ಯಾರೂ ಉಳಿಯಲಿಲ್ಲವೆಂದು ಈಗ ಕಾಗದಕ್ಕೆ ಹೇಳುತ್ತಿದ್ದೇನೆ. ಓದಿದ್ದು ಮೂರನೇ ಕ್ಲಾಸು, ಅಕ್ಷರ ಸೊಟ್ಟಗಿದ್ದರೆ ಇರಲಿ.

ಬೆಳಿಗ್ಗೆ ಸೊಸೆ, ಮಗುವಿಗೆ ಹಾಲು ಕುಡಿಸಲು ಮನೆಯ ಹಳೇ ಬೆಳ್ಳಿ ಒಳಲೆ ಕೇಳಿದಳು. ಪೆಟ್ಟಿಗೆಯ ತಳದಿಂದ ತೆಗೆದೆ. ಆ ಪುಟ್ಟ ಬಟ್ಟಲು, ಅದರ ಚೂಪು ಮೂತಿ ಕಂಡದ್ದೇ ನನಗೆ ನಗು ತಡೆಯಲಾಗಲಿಲ್ಲ.

"ಯಾಕತ್ತೆ ನಗ್ತೀರಿ?"

"ಏನಿಲ್ಲ ಕಣವ್ವ. ಮೊದ್ಲು ಅದನ್ನ ವಿಭೂತಿ ಆಕಿ ಚೆಂದಾಗಿ ಬೆಳಗು. ಎಲ್ಡು ಸಲ ಬೆಳಗು" ಅಂದೆ.

ಏನಿಲ್ಲ ಅಂದದ್ದು ಸುಳ್ಳು. ಆ ಒಳಲೆಯಲ್ಲಿ ಹಾಲು ಕುಡಿದವರ ಪೈಕಿ ಒಂದು ಟ್ರಾಕ್ಟರೂ ಇತ್ತು. ಅದು ಕುಡಿದದ್ದು ಹಾಲಲ್ಲ, ಅಷ್ಟೇ.

ಆಗ ಯುದ್ಧದ ಕಾಲ. ನಾನು ಮಳವಳ್ಳಿ ಕಡೆಯ ಹುಡುಗಿ, ಕೆರಗೋಡಿನ ಪಕ್ಕದ ಈ ಹಳ್ಳಿಗೆ ಸೊಸೆಯಾಗಿ ಬಂದು ಒಂದು ವರ್ಷ ಆಗಿತ್ತು. ನಮ್ಮ ಯಜಮಾನರು ಬೆಂಗಳೂರಿಗೆ ಬೆಲ್ಲ ಹಾಕಲು ಹೋದವರು, ತನ್ನ ದೇಶಕ್ಕೆ ಗಂಟು ಕಟ್ಟುತ್ತಿದ್ದ ಒಬ್ಬ ಇಂಗ್ಲಿಷ್ ದೊರೆಯ ತೋಟದಿಂದ ಹಳೆಯ ಟ್ರಾಕ್ಟರೊಂದನ್ನು ಕೊಂಡು ರೈಲಿಗೆ ಹಾಕಿಸಿಬಿಟ್ಟರು. ಈಗಿನ ಟ್ರಾಕ್ಟರು ಅಂದುಕೊಳ್ಳಬೇಡಿ. ಎರಡೇ ಚಕ್ರ, ಹಿಂದೆ ನೇಗಿಲಿನ ಹಾಗೆ ಎರಡು ಹಿಡಿ, ಮುಂದೆ ಮಡಕೆಯಷ್ಟು ಇಂಜಿನ್ನು. ಹುರಿ ಸುತ್ತಿ ಎಳೆದರೆ ಶುರುವಾಗಬೇಕು. ಹಿಂದೆ ಹಿಂದೆ ನಾವು ನಡೆಯಬೇಕು. ಊರಿನವರು ಅದಕ್ಕೆ ಕಬ್ಬಿಣದ ಕರು ಅಂತ ಹೆಸರಿಟ್ಟರು.

ಮಂಡ್ಯ ಸ್ಟೇಷನ್ನಿನಿಂದ ಅದು ಮನೆಗೆ ಬಂದದ್ದು ಎತ್ತಿನ ಗಾಡಿಯ ಮೇಲೆ ಕೂತು. ನಮ್ಮ ಮಾವ ಜಗಲಿಯಿಂದ ಇಳಿದು ಬಂದು ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು.

"ಏನ್ಲಾ ಮಗ, ಎತ್ತಿನ ಕೆಲ್ಸ ಮಾಡ್ತದೆ ಅಂದೆ. ಎತ್ತೇ ಇದನ್ನ ಒತ್ಕಂಡು ಬಂದವಲ್ಲೋ!"

"ಕಬ್ಬಿನ ಸಾಲಲ್ಲಿ ಬುಟ್ಟು ನೋಡಪ್ಪ, ಆಮೇಕೆ ಯೋಳು."

ಮಾವ ಯೋಚನೆ ಮಾಡಿ ತೀರ್ಪು ಕೊಟ್ಟರು. "ಆಯ್ತು, ಇರ್ಲಿ. ಆದ್ರೆ ನಮ್ಮನೆ ಒಲ ಉಳೋ ಪದಾರ್ಥ ಯಾವ್ದೇ ಆಗ್ಲಿ, ಸಂಕ್ರಾಂತಿಲಿ ಕಿಚ್ಚು ಹಾಯ್ಬೇಕು. ಹಾಯ್ನಿಲ್ಲ ಅಂದ್ರೆ ಗುಜರಿಗೆ!"

ಸಂಕ್ರಾಂತಿಯ ಸಂಜೆ ನಮ್ಮ ಕಡೆ ಬೀದಿಗೆ ಅಡ್ಡಲಾಗಿ ಹುಲ್ಲು ಹರಡಿ ಬೆಂಕಿ ಹಚ್ಚಿ, ಸಿಂಗಾರ ಮಾಡಿದ ದನಗಳನ್ನು ಅದರ ಮೇಲೆ ಹಾರಿಸುತ್ತೇವೆ. ವರ್ಷದ ಪೀಡೆಯೆಲ್ಲ ಸುಟ್ಟುಹೋಗಲಿ ಅಂತ. ದನ ಹಾರುತ್ತದೆ, ಸರಿ. ಹೊಟ್ಟೆ ತುಂಬ ಪೆಟ್ರೋಲು ಕುಡಿದ ಕಬ್ಬಿಣ ಬೆಂಕಿ ಹಾರುವುದು ಹೇಗೆ? ಯಜಮಾನರು ಬೆವರಿದರು. ಸಂಕ್ರಾಂತಿ ದೂರವಿತ್ತು, ಆಮೇಲೆ ನೋಡಿಕೊಳ್ಳೋಣ ಅಂತ ಸುಮ್ಮನಾದರು.

ಅವರಿಗೂ ಆ ಕರುವಿಗೂ ಮೊದಲ ದಿನದಿಂದಲೇ ಆಗಿಬರಲಿಲ್ಲ. ಹತ್ತು ಸಲ ಹುರಿ ಎಳೆಯುವುದು, ಬೈಯುವುದು, ಒದೆಯುವುದು, ಕಾಲು ಹಿಡಿದುಕೊಂಡು ಕೂರುವುದು. ಒಂದು ದಿನ ಅವರು ಸಿಟ್ಟು ಮಾಡಿಕೊಂಡು ಉಣ್ಣಲು ಹೋದಾಗ ನಾನೊಬ್ಬಳೇ ಹೊಲದಲ್ಲಿದ್ದೆ. ಅವರು ಮಾಡುವುದನ್ನು ನೋಡಿದ್ದೆನಲ್ಲ, ಪ್ಲಗ್ಗು ಬಿಚ್ಚಿದೆ. ಅದರ ಮೂತಿಗೆ ಮಸಿ ಹಿಡಿದಿತ್ತು. ಬಳೆಗೆ ಸಿಕ್ಕಿಸಿದ್ದ ಪಿನ್ನಿನಿಂದ ಕೆರೆದೆ, ಸೆರಗಿನಲ್ಲಿ ಒರೆಸಿ ಹಾಕಿದೆ. ಹುರಿ ಎಳೆದೆ. ಡುರ್ ಅಂತು! ನನ್ನ ಮೈಯೆಲ್ಲ ಜುಮ್ಮೆಂದಿತು.

ಆ ಮನೆಯಲ್ಲಿ ಎಮ್ಮೆ ಅತ್ತೆಯ ಮಾತು ಕೇಳುತ್ತಿತ್ತು, ಎತ್ತು ಮಾವನ ಮಾತು ಕೇಳುತ್ತಿತ್ತು. ನನ್ನ ಮಾತು ಕೇಳಿದ್ದು ಅದೊಂದೇ. ಅದು ಗುಜರಿಗೆ ಹೋದರೆ ನಾನು ಮತ್ತೆ ಬರೀ ಸಗಣಿ ಬಾಚುವ ಸೊಸೆ. ಯಜಮಾನರಿಗಿಂತ ಸಂಕ್ರಾಂತಿಯ ಭಯ ನನಗೇ ಜಾಸ್ತಿಯಾಯಿತು.

ಬೇಸಿಗೆಯಲ್ಲಿ ಅದರ ಮೈ ಕಾದು ಮುನಿಸಿಕೊಳ್ಳುತ್ತಿತ್ತು. ಹುಣಸೆ ಮರದ ನೆರಳಿಗೆ ತಳ್ಳಿ, ತಣ್ಣಗಾಗುವವರೆಗೆ ಪಕ್ಕದಲ್ಲಿ ಕೂತು ಸೊಪ್ಪು ಬಿಡಿಸುತ್ತಿದ್ದೆ. ಇಂಜಿನ್ ಎಣ್ಣೆ ಸಿಗದಿದ್ದಾಗ ಅತ್ತೆ ತಲೆಗೆ ಹಚ್ಚುವ ಹರಳೆಣ್ಣೆ ಹುಯ್ದೆ. "ಯಾಕಮ್ಮಿ, ಎಣ್ಣೆ ಇಷ್ಟು ಬೇಗ ಮುಗೀತು?" ಅಂತ ಅತ್ತೆ ಕೇಳಿದರೆ, "ನನ್ ತಲೆ ಬಲೇ ಉಷ್ಣ ಅತ್ತೆ" ಅನ್ನುತ್ತಿದ್ದೆ. ಮುಂಗಾರಿನಲ್ಲಿ ಚಕ್ರಕ್ಕೆ ಕೆಸರು ಮೆತ್ತಿ ರಾಗಿ ಮುದ್ದೆಯ ಹಾಗೆ ಆಗುತ್ತಿತ್ತು. ಯುದ್ಧದ ದೆಸೆಯಿಂದ ಪೆಟ್ರೋಲಿಗೆ ರೇಷನ್ ಚೀಟಿ ಬಂದದ್ದೂ ಆಗಲೇ. ಸಿಗುವುದು ಚೂರು, ಯಜಮಾನರು ಹುಯ್ಯುವಾಗ ನೆಲಕ್ಕೆ ಅರ್ಧ. ಅದಕ್ಕೇ ನಾನು ದೇವರ ಗೂಡಿನಿಂದ ಒಳಲೆ ಕದ್ದೆ. ಯಜಮಾನರು ಮಗುವಾಗಿದ್ದಾಗ ಅದರಲ್ಲೇ ಹಾಲು ಕುಡಿದದ್ದಂತೆ. ಅದರ ಮೂತಿಯಿಂದ ಹುಯ್ದರೆ ಒಂದು ಹನಿ ಚೆಲ್ಲುತ್ತಿರಲಿಲ್ಲ. ಒಂದು ಒಳಲೆಗೆ ಕರು ಕಬ್ಬಿನ ಸಾಲಿನ ಆ ತುದಿಗೆ ಹೋಗಿ ಈ ತುದಿಗೆ ಬಂದು, ಎರಡು ಸಲ ಕೆಮ್ಮಿ ನಿಲ್ಲುತ್ತಿತ್ತು. ಪ್ರತಿ ಸಲವೂ ಅಷ್ಟೇ. ಆಮೇಲೆ ಸೀಗೆಪುಡಿ ಹಾಕಿ ತಿಕ್ಕಿ ಗೂಡಿನಲ್ಲಿಡುತ್ತಿದ್ದೆ.

ಆಯುಧಪೂಜೆಗೆ ಅತ್ತೆ ಭಕ್ತಿ ಹೆಚ್ಚಾಗಿ, ತೂತು ಕಂಡ ಕಡೆಯೆಲ್ಲ ಹೂವು ಸಿಕ್ಕಿಸಿದರು. ಹೊಗೆ ಕೊಳವೆಗೂ ಒಂದು ದಪ್ಪ ಚೆಂಡು ಹೂವು. ಯಜಮಾನರು ಎಳೆದೂ ಎಳೆದೂ ಸಾಕಾದರು. ಕೊನೆಗೊಮ್ಮೆ ಢಮ್ ಅಂತ ಹೂವು ಹಾರಿ, ಕೈ ಮುಗಿದು ನಿಂತಿದ್ದ ಮಾವನ ಪೇಟಕ್ಕೆ ಬಡಿಯಿತು. ಅತ್ತೆ ಮಾತ್ರ, "ಪ್ರಸಾದ ಕೊಡ್ತು ಕಣ್ರಿ" ಅಂದರು.

ಚಳಿಗಾಲದ್ದು ಬೇರೆ ರಾಮಾಯಣ. ಬೆಳಗಿನ ಚಳಿಗೆ ಇಂಜಿನ್ನು ಮರಗಟ್ಟಿರುತ್ತಿತ್ತು, ಬಿಸಿನೀರು ಹುಯ್ದರೆ ಮಾತ್ರ ಏಳುತ್ತಿತ್ತು. ಬಿಸಿನೀರು ಇರುತ್ತಿದ್ದುದು ಮಾವನ ಸ್ನಾನದ ಹಂಡೆಯಲ್ಲಿ. ತೆಗೆದಷ್ಟು ತಣ್ಣೀರು ತುಂಬಿ ಸುಮ್ಮನಿರುತ್ತಿದ್ದೆ. "ಈ ವರ್ಸ ಸೌದೆಗೇ ಕಾವಿಲ್ಲ" ಅಂತ ಮಾವ ನಡುಗುತ್ತಾ ಬಚ್ಚಲಿನಿಂದ ಬರುತ್ತಿದ್ದರು.

ಸಂಕ್ರಾಂತಿ ಬಂದೇ ಬಂತು. ಯಜಮಾನರು ಹಿಂದಿನ ದಿನದಿಂದ ಊಟ ಬಿಟ್ಟಿದ್ದರು.

"ಸುಮ್ಕೆ ತಳ್ಕಂಡು ದಾಟುಸ್ಬುಡ್ತೀನಿ ಕಣಪ್ಪ" ಅಂದರು.

"ತಳ್ಕಂಡು ಓದ್ರೆ ಅದು ಗಾಡಿ ಕಣ್ಲಾ. ಎತ್ತಾದ್ರೆ ತಾನೇ ಹಾಯ್ಲಿ" ಅಂದರು ಮಾವ.

ನಾನು ಯಜಮಾನರನ್ನು ಕೊಟ್ಟಿಗೆಗೆ ಕರೆದು ಹೇಳಿದೆ: "ಪೆಟ್ರೋಲೆಲ್ಲ ಸೀಸೆಗೆ ಬಗ್ಗಿಸಿ ದೂರ ಮಡಗಿ. ಒಂದು ಒಳಲೆ ಹುಯ್ತೀನಿ. ಕಿಚ್ಚಿನ ತಾವ ಓಗೋ ಒತ್ಗೆ ಅದೂ ಮುಗೀತಾ ಬಂದಿರ್ತದೆ. ಹತ್ಕಳಕೆ ಏನೂ ಇರಲ್ಲ."

"ನಡು ಕಿಚ್ಚಲ್ಲಿ ನಿಂತ್ಕಂಡ್ರೆ?"

"ನಿಂತ್ಕಳಲ್ಲ. ನಾನು ಅಳ್ದಿವ್ನಿ."

ಅವರು ನನ್ನನ್ನು ನೋಡಿದರು, ಒಳಲೆಯನ್ನು ನೋಡಿದರು. "ಅಯ್ಯೋ ಅಮ್ಮಿ, ಇದು ನಾನು ಹಾಲು ಕುಡ್ದಿದ್ದು!" ಅಂದರು.

ಬೀದಿಯಲ್ಲಿ ಊರಿಗೆ ಊರೇ ಸೇರಿತ್ತು. ಕರುವಿಗೆ ಅರಿಶಿನ, ಕುಂಕುಮ, ಹಿಡಿಗಳಿಗೆ ಕೋಡಿನ ಹಾಗೆ ಬಲೂನು. ಹುಲ್ಲಿಗೆ ಬೆಂಕಿ ಬಿತ್ತು, ಎತ್ತುಗಳು ಹಾರಿ ಓಡಿದವು. ನಾನು ಒಳಲೆ ಬಗ್ಗಿಸಿದೆ, ಯಜಮಾನರು ಹುರಿ ಎಳೆದರು. ಡುರ್! ಲೆಕ್ಕವೆಲ್ಲ ಸರಿಯಿತ್ತು, ಮಾವನ ಆರತಿಯೊಂದನ್ನು ನಾನು ಅಳೆದಿರಲಿಲ್ಲ. ತಟ್ಟೆ ಹಿಡಿದು ಕರುವಿನ ಮುಂದೆ ನಿಂತರು ನೋಡಿ, ಕುಲದೇವರಿಂದ ಶುರು ಮಾಡಿ ಸತ್ತ ಹಿರಿಯರನ್ನೆಲ್ಲ ಒಬ್ಬೊಬ್ಬರನ್ನಾಗಿ ಕರೆಯತೊಡಗಿದರು. ಇಂಜಿನ್ನು ಓಡುತ್ತಲೇ ಇದೆ, ಪೆಟ್ರೋಲು ಕರಗುತ್ತಲೇ ಇದೆ. ಅವರು ಮುತ್ತಾತನ ಹತ್ತಿರ ಬಂದಾಗ ಕರು ಒಂದು ಸಲ ಕೆಮ್ಮಿತು.

ಮದುವೆಯಾದಂದಿನಿಂದ ಮಾವನ ಎದುರು ನಾನು ಗಟ್ಟಿಯಾಗಿ ಉಸಿರು ಬಿಟ್ಟವಳಲ್ಲ. ಅವತ್ತು ಇಡೀ ಬೀದಿಗೆ ಕೇಳುವ ಹಾಗೆ ಕಿರುಚಿದೆ: "ಮಾವಾ, ಸಾಕು! ಮಿಕ್ಕಿರೋರ್ನ ನಾಳಿಕ್ಕೆ ಕರೀರಿ! ಈಚಿಗ್ ಬನ್ನಿ!"

ಮಾವ ಬೆಚ್ಚಿ ಪಕ್ಕಕ್ಕೆ ಹಾರಿದರು. ಯಜಮಾನರು ಬೆಚ್ಚಿ ಹಿಡಿ ಒತ್ತಿದರು. ಕರು ನುಗ್ಗಿತು, ಹಿಂದೆ ಯಜಮಾನರು "ಅಯ್ಯಪ್ಪೋ" ಅನ್ನುತ್ತ ನುಗ್ಗಿದರು. ಕಿಡಿ ಹಾರಿತು, ಬಲೂನು ಎರಡೂ ಒಡೆದವು, ಪಂಚೆಯ ಅಂಚು ಕಂದಿತು. ಕಿಚ್ಚು ದಾಟಿ ನಾಲ್ಕು ಮಾರು ಹೋಗಿ, ಕರು ಇನ್ನೊಂದು ಸಲ ಕೆಮ್ಮಿ ತಣ್ಣಗೆ ನಿಂತುಬಿಟ್ಟಿತು.

ಮಾವ ನಿಧಾನವಾಗಿ ಹೋಗಿ ಅದರ ಮೈ ಸವರಿದರು.

"ನೋಡ್ರಲಾ! ನಮ್ಮ ಎತ್ಗಳು ಕಿಚ್ಚು ಹಾಯ್ದು ಕೆರೆಗಂಟ ಓಡೋದೋ, ಇನ್ನೂ ಸಿಕ್ಕಿಲ್ಲ. ಇದು ನೋಡು, ದಾಟ್ತು, ನಿಂತ್ಕತು. ಎಂಥಾ ಸಾಧು ಪ್ರಾಣಿ!"

ಯಜಮಾನರು ನನ್ನ ಮುಖ ನೋಡಿದರು. ನಾನು ಒಳಲೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡೆ.

ಮಾರನೇ ದಿನ ಬೆಳಿಗ್ಗೆ ನಾನು ಚೊಂಬು ಹಿಡಿದು ಬಚ್ಚಲಿಗೆ ಹೋದರೆ, ಮಾವ ಹೆಗಲಿಗೆ ಟವಲು ಹಾಕಿಕೊಂಡು ಹಂಡೆಯ ಪಕ್ಕ ನಿಂತಿದ್ದರು. ಸಿಕ್ಕಿಬಿದ್ದೆ ಅಂದುಕೊಂಡೆ.

"ತಕ್ಕ ಓಗು ಮಗ" ಅಂದರು. "ಮೊದ್ಲು ನಿನ್ ಎತ್ಗೆ ಹುಯ್ದು ಬಾ. ನಂದು ಆಮೇಕಾಯ್ತದೆ."

ಎರಡು ವರ್ಷಕ್ಕೆ ಮಗ ಹುಟ್ಟಿದ. ಅದೇ ಒಳಲೆಯಲ್ಲಿ ಹಾಲು ಕುಡಿದ. "ಏನಮ್ಮಿ ಇದು, ಮಗ ಒಳ್ಳೆ ಇಂಜಿನ್ ಅತ್ತಂಗೆ ಅಳ್ತದೆ" ಅಂತ ಅತ್ತೆ ಅಂದಾಗ ನಾನು ತಲೆ ಎತ್ತಲಿಲ್ಲ. ಈಗ ಅವನ ಮಗಳು ಒಳಗೆ ತೊಟ್ಟಿಲಲ್ಲಿ ಅಳುತ್ತಿದ್ದಾಳೆ. ಏನು ಗಂಟಲು ಅಂತೀರಿ! ಒಂದೇ ಎಳೆತಕ್ಕೆ ಶುರು.