ಬಿರಡೆ ತೆಗೆದವಳು ನಾನು

ಆ ಬಿರಡೆ ತೆಗೆದವಳು ನಾನು, ಸುನಂದಾ. ನೀನಲ್ಲ. ಇಷ್ಟು ಹೇಳಲು ನನಗೆ ಒಂಬತ್ತು ವರ್ಷ ಬೇಕಾಯಿತು — ಬಾಯಿ ಇತ್ತು, ಧೈರ್ಯವೊಂದಿರಲಿಲ್ಲ.

ಬೀದರಿನ ಆ ಪ್ರಯೋಗಾಲಯದಲ್ಲಿ ಆಗ ಸಂಶೋಧನೆ ಮಾಡುತ್ತಿದ್ದವರು ನಾವಿಬ್ಬರೇ. ನಾನು ಭಾಲ್ಕಿಯವಳು, ನೀನು ಔರಾದ್ ಕಡೆಯ ಚಿಂತಾಕಿಯವಳು. ವರ್ಷದ ಮೇಲೆ ವರ್ಷ ಬರ. ನಿಮ್ಮ ಮನೆಯವರೆಲ್ಲ ಕಟ್ಟಡ ಕೆಲಸಕ್ಕೆ ಹೈದರಾಬಾದಿಗೆ ಹೋಗಿದ್ದರು. ಫೆಲೋಶಿಪ್ ಇತ್ತೆಂದು ನೀನೊಬ್ಬಳೇ ಇಲ್ಲಿ ಉಳಿದಿದ್ದೆ. ನಿಮ್ಮೂರ ಬೋರ್‌ವೆಲ್ ನೀರಿನ ಫ್ಲೋರೈಡನ್ನು ಹಿಡಿದಿಡುವ ಪಾಲಿಮರ್ ಮಾಡಬೇಕೆಂಬುದು ನಿನ್ನ ಹಟ.

ಅದಕ್ಕೆ ನೀನು ಹಿಡಿದ ದಾರಿ ಒಲೆಫಿನ್ ಮೆಟಾಥೆಸಿಸ್ — ಹೆಸರು ಕೇಳಿಯೇ ಜನ ಹೆದರುತ್ತಾರೆ. ಜೋಡಿ ಬಂಧದ ಇಂಗಾಲಗಳು ಜೊತೆಗಾರರನ್ನು ಬದಲಾಯಿಸಿಕೊಳ್ಳುತ್ತವೆ, ಅಷ್ಟೇ. ಉಂಗುರದಂತೆ ಮುಚ್ಚಿಕೊಂಡ ಅಣುಗಳು ಹಾಗೆ ಬಿಚ್ಚಿಕೊಂಡು, ಒಂದಕ್ಕೊಂದು ಕೂಡಿ ಪಾಲಿಮರಿನ ಸರಪಳಿಯಾಗುತ್ತವೆ. ಒಂದೊಂದು ಕೊಂಡಿಗೂ ಫ್ಲೋರೈಡ್ ಹಿಡಿಯುವ ಗುಂಪನ್ನು ನೀನು ಮೊದಲೇ ಕಟ್ಟಿಟ್ಟಿದ್ದೆ. ಇದನ್ನೆಲ್ಲ ಮಾಡಿಸುವುದು ನೇರಳೆ ಬಣ್ಣದ ರುಥೇನಿಯಂ ವೇಗವರ್ಧಕ. ಕರಗಿಸಿದ ಮೇಲೆ ಗಾಳಿ ತಾಗಿದರೆ ಅದು ಕೆಡುತ್ತದೆ. ಉಳಿದಿದ್ದ ಕೊನೆಯ ಚೂರನ್ನು ಅಂದು ನೀನು ಕರಗಿಸಿ, ಸೀಸೆಯಲ್ಲಿ ಗಾಳಿಯ ಬದಲು ಆರ್ಗಾನ್ ಅನಿಲ ತುಂಬಿ, ಬಿರಡೆ ಬಿಗಿದು, ಸಹಿ ಹಾಕಲು ಆಫೀಸಿಗೆ ಹೋದೆ.

ನನ್ನ ಪ್ರಯೋಗಕ್ಕೂ ಅದು ಒಂದಿಷ್ಟು ಬೇಕಿತ್ತು. ಕೇಳಿದ್ದರೆ ನೀನು ಕೊಡುತ್ತಿದ್ದೆ — ಗೊತ್ತು. ನಾನು ಕೇಳಲಿಲ್ಲ. ಬಿರಡೆ ತೆಗೆದೆ, ಅಷ್ಟರಲ್ಲಿ ಹೊರಗೆ ಟ್ಯಾಂಕರಿನ ಹಾರ್ನ್. ನಾಲ್ಕು ದಿನಕ್ಕೊಮ್ಮೆ ಬರುವ ನೀರು. ಎಲ್ಲ ಹಾಗೇ ಬಿಟ್ಟು ಕೊಡ ಹಿಡಿದು ಓಡಿದೆ. ಸರದಿಯಲ್ಲಿ ನಿಂತು, ಜಗಳವಾಡಿ, ನೀರು ತುಂಬಿಕೊಂಡು ಬರುವಷ್ಟರಲ್ಲಿ ನೇರಳೆ ಹೋಗಿ ಕಂದು ಬಣ್ಣ ಬಂದಿತ್ತು. ಬಿರಡೆ ಹಾಕಿ, ಏನೂ ಅರಿಯದವಳಂತೆ ನನ್ನ ಜಾಗದಲ್ಲಿ ಕೂತೆ.

"ಅಯ್ಯ, ಬಣ್ಣ ಯಾಕ ಹೀಂಗ ಆಗ್ಯದ, ರೇಖಾ?" ಅಂದೆ ನೀನು. ಆಸೆಯಿಂದ ಅದನ್ನು ನಿನ್ನ ಅಣುಗಳ ದ್ರಾವಣಕ್ಕೆ ಸುರಿದೂ ನೋಡಿದೆ. ಗಂಜಿಯಂತೆ ಗಟ್ಟಿಯಾಗಬೇಕಾದದ್ದು ತಿಳಿನೀರಾಗಿಯೇ ಉಳಿಯಿತು. ನಮ್ಮ ಗೈಡ್ ಬಂದು ಕೇಳಿದರು. ನಿನಗಿಂತ ಮೊದಲು ನಾನೇ ಬಾಯಿ ಬಿಟ್ಟೆ.

"ಬಿರಡಿ ಸಡ್ಲ ಇತ್ತುರಿ ಸರ್. ಸುನಂದಾನೇ ಹಾಕಿ ಹೋಗಿದ್ಳು."

ನೀನು ಜಗಳವಾಡುತ್ತೀ ಅಂದುಕೊಂಡಿದ್ದೆ. ಜಗಳವಾಡಿದ್ದರೆ ಬಹುಶಃ ನಾನು — ಇಲ್ಲ, ಆಗಲೂ ಒಪ್ಪಿಕೊಳ್ಳುತ್ತಿರಲಿಲ್ಲ. ನೀನು ನಿನ್ನ ಅಂಗೈ ನೋಡಿಕೊಂಡು, "ಇದ್ರೂ ಇರಬಹುದುರಿ... ನನಗ ನೆನಪಾಗವಲ್ದು" ಅಂದೆ. ನನ್ನ ಸುಳ್ಳನ್ನು ನೀನು ನಂಬಿಬಿಟ್ಟೆ.

ವರ್ಷದ ವರದಿಯಲ್ಲಿ ನಿನ್ನ ಹೆಸರಿನ ಮುಂದೆ 'ಅಜಾಗರೂಕತೆ' ಎಂದು ಬರೆದರು. ಫೆಲೋಶಿಪ್ ನಿಂತಿತು. ನೀನೂ ಹೈದರಾಬಾದಿನ ಬಸ್ ಹತ್ತಿದೆ. ಕಳಿಸಲು ನಾನು ಬರಲಿಲ್ಲ. ಆಮೇಲೆ ಹೊಸ ವೇಗವರ್ಧಕ ಬಂತು. ನೀನು ಮಾಡಿಟ್ಟಿದ್ದ ಅಣುಗಳಿಂದಲೇ ನಾನು ಆ ಪಾಲಿಮರ್ ಮಾಡಿ ಡಾಕ್ಟರೇಟ್ ಪಡೆದೆ. ಈಗ ಅದೇ ಕೋಣೆಯಲ್ಲಿ ನಾನು ಮೇಡಂ. ಮಧ್ಯಾಹ್ನ ಒಬ್ಬಳೇ ಕೂತು ರೊಟ್ಟಿ ತಿನ್ನುತ್ತೇನೆ. ಯಾರಾದರೂ ಹತ್ತಿರವಾದರೆ ಎಲ್ಲಿ ಹೇಳಿಬಿಡುತ್ತೇನೋ ಎಂದು ಯಾರನ್ನೂ ಹತ್ತಿರ ಸೇರಿಸಲಿಲ್ಲ. ತುಂಬ ಒಂಟಿಯಾಗಿದ್ದೇನೆ, ಸುನಂದಾ. ಇದು ದೂರಲ್ಲ.

ಹೋದ ತಿಂಗಳು ಭಾಲ್ಕಿ ಬಸ್ ನಿಲ್ದಾಣದಲ್ಲಿ ನೀನೇ ನನ್ನನ್ನು ಕೂಗಿ ಮಾತಾಡಿಸಿದೆ. ಊರಿಗೆ ಮರಳಿದ್ದೇನೆ, ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ ಅಂದೆ. ರಸಾಯನಶಾಸ್ತ್ರ ಯಾಕಿಲ್ಲ ಅಂತ ನಾನು ಕೇಳಿದೆ — ಕೇಳಬಾರದಿತ್ತು.

"ಬ್ಯಾಡ ಬಿಡ ಯವ್ವಾ. ಒಂದು ಬಿರಡಿ ನೆಟ್ಟಗ ಹಾಕ್ಲಿಕ್ಕ ಬರಲಿಲ್ಲ ಈ ಕೈಗೆ," ಅಂತ ನೀನು ನಕ್ಕೆ. ನಿನ್ನ ಬಸ್ ಬಂದಾಗ ನಾನು ನಿನ್ನ ಚೀಲ ಎತ್ತಿಕೊಟ್ಟು ಕಳಿಸಿದೆ.

ಇಂದು ಬೆಳಿಗ್ಗೆ ಗೈಡ್ ಕೈಗೆ ಎಲ್ಲವನ್ನೂ ಬರೆದು ಕೊಟ್ಟೆ. ಈ ಕಾಗದವನ್ನು ಅಂಚೆಗೆ ಹಾಕುವುದಿಲ್ಲ. ಚಿಂತಾಕಿಗೆ ಬಂದು ನಿನ್ನ ಮುಂದೆ ನಿಂತೇ ಕೊಡುತ್ತೇನೆ. ಕ್ಷಮಿಸು ಅನ್ನಲಾರೆ. ಇಷ್ಟು ಮಾತ್ರ ನಿನಗೆ ತಿಳಿಯಬೇಕು — ನೀನು ಹಾಕಿದ ಬಿರಡೆ ಬಿಗಿಯಾಗಿಯೇ ಇತ್ತು. ತೆಗೆಯಲು ನಾನು ಎರಡೂ ಕೈ ಹಾಕಬೇಕಾಯಿತು.